ಕಾಡಿನ ಒಣಮರ ಯಾರ ಸೊತ್ತು?

ಪ್ರತಿ ವರ್ಷವೂ ಮಳೆಗಾಲ ತೀರಿ ಘಟ್ಟದ ದಾರಿಗಳು ಒಣಗುವ ಹೊತ್ತಿಗೆ ನಮ್ಮ ಮಲೆನಾಡಿನ ಪಟ್ಟಣಗಳಲ್ಲಿ ಒಂದು ಮಾತು ತಪ್ಪದೆ ಕಿವಿಗೆ ಬೀಳುವದು. ಗಾಳಿಮಳೆಗೆ ಉರುಳಿದ ಹೆಮ್ಮರಗಳು ಕಾಡಿನಲ್ಲಿ ಕೊಳೆಯುತ್ತಿವೆ. ನಿಂತಲ್ಲಿಯೇ ಒಣಗಿದ ಮತ್ತಿ, ಹೊನ್ನೆ, ತೇಗಗಳು ಗೆದ್ದಲಿನ ಪಾಲಾಗುತ್ತಿವೆ. ಸರಕಾರದ ಬೊಕ್ಕಸಕ್ಕೆ ಬರಬೇಕಾದ ಹಣವು ಮಣ್ಣುಗೂಡುತ್ತಿದೆ. ಬಡವನ ಒಲೆಗೆ ಕಟ್ಟಿಗೆಯಿಲ್ಲ, ಮನೆಗೆ ತೊಲೆಯಿಲ್ಲ. ಅರಣ್ಯ ಖಾತೆಯವರಾದರೋ ಕಾಯಿದೆಯ ಪುಸ್ತಕವನ್ನು ತೋರಿಸಿ ಕೈಕಟ್ಟಿ ಕುಳಿತಿರುವರು. ಇದೇ ಆ ಮಾತು. ಕೇಳುವವರಿಗೆ ಇದು ನ್ಯಾಯವಾದ ದೂರೆಂದೇ ತೋರುವದು. ಸತ್ತ ಮರದಿಂದ ಯಾರಿಗೆ ಏನು ಉಪಯೋಗ? ಅದನ್ನು ಎತ್ತಿ ಹರಾಜು ಹಾಕಿದರೆ ಕಾಡಿಗೆ ಆಗುವ ನಷ್ಟವಾದರೂ ಯಾವದು?

ನಾವೂ ಒಂದು ಕಾಲಕ್ಕೆ ಇದೇ ಪುಟದಲ್ಲಿ ಇದೇ ಅರ್ಥದ ಮಾತುಗಳನ್ನು ಬರೆದವರು. ‘ಹಸಿರು ಮರವನ್ನು ಮುಟ್ಟಬೇಡಿರಿ, ಒಣಮರವನ್ನು ಬಿಡಬೇಡಿರಿ’ ಎಂದು ಅಧಿಕಾರಿಗಳಿಗೆ ಬುದ್ಧಿ ಹೇಳಿ, ಮಧ್ಯಮ ಮಾರ್ಗವನ್ನು ತೋರಿಸಿದೆವೆಂದು ತೃಪ್ತಿಪಟ್ಟಿದ್ದೆವು. ಬರೆದ ಮಾತು ತಪ್ಪೆಂದು ತಿಳಿದ ಬಳಿಕ ಅದನ್ನು ಬರೆದ ಸ್ಥಳದಲ್ಲಿಯೇ ತಿದ್ದುವದು ಪತ್ರಿಕೆಯವರ ಧರ್ಮ. ಆದುದರಿಂದ ಇಂದಿನ ಲೇಖನದಲ್ಲಿ ನಾವು ನಮ್ಮ ಹಿಂದಿನ ಅಭಿಪ್ರಾಯವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಏಕೆ ತೆಗೆದುಕೊಳ್ಳುತ್ತೇವೆಂಬುದನ್ನು ವಾಚಕರ ಮುಂದೆ ಇಡುತ್ತೇವೆ. ನಮ್ಮೊಡನೆ ಅದೇ ತಪ್ಪನ್ನು ಮಾಡಿದವರು ನಾಡಿನಲ್ಲಿ ಬಹಳ ಮಂದಿ ಇರುವರೆಂದು ನಾವು ಬಲ್ಲೆವು.

ಮೊದಲು, ಈ ದೃಷ್ಟಿಯು ನಮಗೆ ಎಲ್ಲಿಂದ ಬಂದಿತೆಂಬುದನ್ನು ನೋಡುವದು ಉಚಿತ. ಮುಂಬಯಿ ಇಲಾಖೆಯಲ್ಲಿ 1847ರಲ್ಲಿ ಡಾಕ್ಟರ ಗಿಬ್ಸನ್ ಎಂಬವರು ಕನ್ಸರ್ವೇಟರರಾದರು. 1864ರಲ್ಲಿ ಬ್ರಾಂಡಿಸ್ ಸಾಹೇಬರು ಹಿಂದುಸ್ಥಾನದ ಅರಣ್ಯಗಳ ಮೊದಲನೆಯ ಇನ್ಸ್‌ಪೆಕ್ಟರ್ ಜನರಲ್ಲರಾದರು. 1865ರಲ್ಲಿ ಒಂದು, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಅರಣ್ಯದ ಕಾಯಿದೆಯಾಯಿತು. ಹಡಗುಕಟ್ಟೆಗಳಿಗೆ ತೇಗ ಬೇಕಾಗಿತ್ತು, ರೈಲುಹಾದಿಗೆ ಸ್ಲೀಪರು ಬೇಕಾಗಿತ್ತು. ಆ ಆಳುವವರ ಕಣ್ಣಿಗೆ ಕಾಡೆಂದರೆ ಇಷ್ಟು ಘನ ಅಡಿ ನಾಟಾ. ಮರವೆಂದರೆ ನೆಟ್ಟಗೆ ಬೆಳೆದ, ಒಳಗೆ ಗಟ್ಟಿಯಾದ, ಕೊಯ್ದರೆ ಹಲಿಗೆ ಕೊಡುವ ಮರ. ಪೊಳ್ಳಾದ ಮರಕ್ಕೆ ಅವರು ದೋಷವುಳ್ಳ ಮರವೆಂದು ಹೆಸರಿಟ್ಟರು. ಒಣಗಿದ ಮರವನ್ನು ಕೊಳೆಯೆಂದೇ ಎಣಿಸಿದರು. ಕಾಡನ್ನು ‘ಸುಧಾರಿಸು’ವದೆಂದರೆ ಇಂಥ ಮರಗಳನ್ನು ಮೊದಲು ತೆಗೆದು ಗಟ್ಟಿಮರಗಳಿಗೆ ಜಾಗ ಮಾಡಿಕೊಡುವದೆಂದು ಕಲಿಸಿದರು. ಆ ಆಳಿಕೆ ಹೋಗಿ ಮುಕ್ಕಾಲು ಶತಮಾನ ಕಳೆಯಿತು. ಆದರೆ ಅವರ ಕನ್ನಡಕವನ್ನು ನಾವು ಮೂಗಿನ ಮೇಲಿಂದ ತೆಗೆಯಲಿಲ್ಲ. ಅವರು ಹಡಗಿಗೆ ಎಣಿಸಿದ ಮರವನ್ನು ನಾವು ಪ್ಲೈವುಡ್ಡಿಗೂ ಬೆಂಕಿಕಡ್ಡಿಗೂ ಕಾಗದಕ್ಕೂ ಎಣಿಸಿದೆವು. ಎಣಿಕೆಯ ರೀತಿ ಮಾತ್ರ ಬದಲಾಗಲಿಲ್ಲ.

ಈಗ ಮರವು ಸತ್ತ ಮೇಲೆ ಏನಾಗುವದೆಂಬುದನ್ನು ಕ್ರಮವಾಗಿ ವಿಚಾರಿಸೋಣ. ಇನ್ನೂರು ಮುನ್ನೂರು ವರ್ಷ ಬದುಕಿದ ಮರವು ಒಂದೇ ದಿನದಲ್ಲಿ ಸಾಯುವದಿಲ್ಲ. ಬಿರುಗಾಳಿಗೆ ಒಂದು ಕೊಂಬೆ ಮುರಿಯುವದು. ಆ ಗಾಯದಲ್ಲಿ ನೀರು ನಿಂತು ಅಣಬೆಯ ಬೀಜ ಮೊಳೆಯುವದು. ಅದರ ನೂಲುಗಳು ಮೆಲ್ಲಗೆ ಮರದ ಹೃದಯವನ್ನು ಸೇರಿ ಒಳಗಿನ ತಿರುಳನ್ನು ಮೆತ್ತಗೆ ಮಾಡುವವು. ಹೊರಗಿನ ಸಿಪ್ಪೆಯ ಕೆಳಗೆ ಜೀವರಸ ಹರಿಯುತ್ತಲೇ ಇರುವದು, ಎಲೆ ಚಿಗುರುತ್ತಲೇ ಇರುವದು. ಒಳಗೆ ಮಾತ್ರ ಪೊಟರೆ ಹುಟ್ಟುವದು. ಮರವು ಪೂರ್ಣ ಒಣಗಿದ ಮೇಲೆ ಕೊರೆಹುಳುಗಳೂ ದುಂಬಿಗಳೂ ತೊಗಟೆಯ ಕೆಳಗೆ ಸುರಂಗ ತೋಡುವವು. ಅವುಗಳನ್ನು ಹುಡುಕಿಕೊಂಡು ಮರಕುಟಿಗವು ಬರುವದು. ಹುಳುವನ್ನು ತಿಂದು, ಮೆತ್ತಗಾದ ಕಟ್ಟಿಗೆಯಲ್ಲಿ ತನ್ನ ಗೂಡಿಗಾಗಿ ತೂತು ಕೊರೆಯುವದು. ಕುಟ್ರುಹಕ್ಕಿಯೂ ಒಣಕೊಂಬೆಯನ್ನೇ ಕೊರೆದು ಮನೆ ಮಾಡುವದು. ಹಸಿಮರವನ್ನು ಕೊರೆಯುವ ಶಕ್ತಿ ಕುಟ್ರುವಿನ ಕೊಕ್ಕಿಗೆ ಇಲ್ಲ.

ಮರಕುಟಿಗವು ತಾನು ಕೊರೆದ ಮನೆಯಲ್ಲಿ ಬಹುಕಾಲ ಇರುವದಿಲ್ಲ; ಸಾಮಾನ್ಯವಾಗಿ ಮರುವರ್ಷ ಹೊಸದನ್ನು ತೋಡುವದು. ಬಿಟ್ಟ ಮನೆಗೆ ಒಕ್ಕಲು ಬರಲು ಕಾಡಿನಲ್ಲಿ ಕಾದುನಿಂತವರು ಬಹಳ. ಗಿಳಿ, ಗೊರವಂಕ, ಗೂಬೆ ಮೊದಲಾದ ಪಕ್ಷಿಗಳಿಗೆ ಕೊರೆಯುವ ಕೊಕ್ಕಿಲ್ಲ, ಪೊಟರೆಯಿಲ್ಲದೆ ಸಂಸಾರವಿಲ್ಲ. ರಾತ್ರಿಯಲ್ಲಿ ಮರದಿಂದ ಮರಕ್ಕೆ ತೇಲಿಹೋಗುವ ಹಾರುಬೆಕ್ಕು ಹಗಲನ್ನು ಕಳೆಯುವದು ದೊಡ್ಡ ಮರಗಳ ಪೊಳ್ಳಿನಲ್ಲಿ. ನಮ್ಮ ಅಡಿಕೆ, ಏಲಕ್ಕಿಯ ಹೂವುಗಳನ್ನು ಮುಟ್ಟುವ ತುಡುವೆ ಜೇನು ಹುಟ್ಟು ಕಟ್ಟುವದೂ ಪೊಟರೆಯಲ್ಲಿಯೇ. ಮಿಸರಿ ಜೇನಿಗೂ ಅದೇ ಆಶ್ರಯ. ಹೆಜ್ಜೇನು ಬಯಲು ಕೊಂಬೆಗೆ ಜೋತುಬೀಳಬಲ್ಲದು. ತುಡುವೆಗೆ ಕತ್ತಲೆಯ ಕೋಣೆ ಬೇಕು. ಹೀಗಾಗಿ ಕಾಡಿನ ಒಂದು ಪೊಳ್ಳುಮರವನ್ನು ಕಡಿದವನು ಒಂದು ಓಣಿಯ ಮನೆಗಳನ್ನೆಲ್ಲ ಕೆಡವಿದಂತಾಯಿತು.

ಇವೆಲ್ಲವುಗಳಲ್ಲಿ ಮಂಗಟ್ಟೆ ಹಕ್ಕಿಯ ಸಂಗತಿ ವಿಶೇಷವಾದದ್ದು. ನಮ್ಮ ದಾಂಡೇಲಿಯ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. 2011ರಲ್ಲಿ ಅಲ್ಲಿಯ ಕಾಡಿನ ಒಂದು ಭಾಗವನ್ನು ಈ ಹಕ್ಕಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಸರಕಾರದವರು ಸಾರಿದರು. ಈ ಹಕ್ಕಿಯ ಕೊಕ್ಕು ಎಷ್ಟು ದೊಡ್ಡದಾದರೂ ಮರವನ್ನು ಕೊರೆಯಲಾರದು. ತಾನಾಗಿ ಆದ ದೊಡ್ಡ ಪೊಟರೆಯನ್ನು ಹುಡುಕಿ ಹೆಣ್ಣು ಒಳಗೆ ಸೇರುವದು. ಬಾಯನ್ನು ಮಣ್ಣು, ಹಿಕ್ಕೆ, ಹಣ್ಣಿನ ತಿರುಳುಗಳಿಂದ ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುವದು. ತಿಂಗಳುಗಟ್ಟಲೆ ಗಂಡು ಹಕ್ಕಿಯು ಅತ್ತಿ, ಆಲದ ಹಣ್ಣುಗಳನ್ನು ತಂದು ಆ ಸೀಳಿನೊಳಗಿಂದ ಹೆಂಡತಿಗೂ ಮರಿಗೂ ಉಣಿಸುವದು. ದೊಡ್ಡ ಮಂಗಟ್ಟೆ ತೂರುವಷ್ಟು ಪೊಟರೆಯಾಗಬೇಕಾದರೆ ಇಬ್ಬರು ಮೂವರು ಕೈಕೂಡಿಸಿದರೂ ತಬ್ಬಲಾಗದ ಮರ ಬೇಕು. ಅದು ನಮ್ಮ ಅಜ್ಜನ ಅಜ್ಜನ ಕಾಲಕ್ಕೆ ಸಸಿಯಾಗಿದ್ದ ಮರ. ಅನುಕೂಲವಾದ ಪೊಟರೆಗೆ ಜೋಡಿಹಕ್ಕಿಗಳು ವರ್ಷ ವರ್ಷವೂ ಮರಳಿ ಬರುವವು. ಅಂಥ ಮರವನ್ನು ಕಡಿದರೆ ಅದರ ಬದಲಿಗೆ ಸಾವಿರ ಸಸಿಗಳನ್ನು ನೆಟ್ಟು ವನಮಹೋತ್ಸವ ಮಾಡಿದರೂ ಈ ತಲೆಮಾರಿನ ಮಂಗಟ್ಟೆಗೆ ಮನೆಯಾಗಲಿಲ್ಲ; ಮುಂದಿನ ಹತ್ತು ತಲೆಮಾರಿನ ಮಂಗಟ್ಟೆಗಳಿಗೂ ಆಗುವದಿಲ್ಲ. ಮತ್ತು ಆ ಹಕ್ಕಿ ನುಂಗಿ ಉಗುಳಿದ ಬೀಜಗಳಿಂದ ಹುಟ್ಟಬೇಕಾಗಿದ್ದ ಮರಗಳೂ ಹುಟ್ಟುವದಿಲ್ಲ.

ನಿಂತ ಒಣಮರದ ಕಥೆ ಇದಾದರೆ ನೆಲಕ್ಕೆ ಬಿದ್ದ ಕೊರಡಿನ ಕಥೆ ಬೇರೊಂದು. ಕರಡಿಯು ಕೊಳೆತ ದಿಮ್ಮಿಯನ್ನು ಉಗುರಿನಿಂದ ಸೀಳಿ ಇರುವೆ, ಗೆದ್ದಲು, ಮರಿಹುಳುಗಳನ್ನು ತಿನ್ನುವದು. ಚಿಪ್ಪುಹಂದಿಗೆ ಇರುವೆ, ಗೆದ್ದಲುಗಳ ಹೊರತು ಬೇರೆ ಆಹಾರವೇ ಇಲ್ಲವೆನ್ನಬಹುದು. ಚೇಳು, ಜರಿ, ಹಲ್ಲಿ, ಹಾವು, ಕಪ್ಪೆಗಳು ಬೇಸಗೆಯ ಬಿಸಿಲಿನಲ್ಲಿ ದಿಮ್ಮಿಯ ಕೆಳಗಿನ ತಂಪಿಗೆ ಸೇರುವವು. ಸ್ಪಂಜಿನಂತೆ ಮಳೆಯ ನೀರನ್ನು ಹೀರಿಕೊಂಡ ಕೊರಡು ಸುತ್ತಲಿನ ನೆಲವನ್ನು ಬಹುಕಾಲ ಹಸಿಯಾಗಿಡುವದು. ಕಡೆಗೆ ಮಣ್ಣಾಗಿ, ತಾನು ಆಯುಷ್ಯವೆಲ್ಲ ಹೀರಿದ ಸಾರವನ್ನು ಮುಂದಿನ ಮರಗಳ ಬೇರಿಗೆ ಒಪ್ಪಿಸುವದು. ಹೊಳೆಯಲ್ಲಿ ತೇಲಿಬಂದು ನಿಂತ ಮರದ ಮೇಲೆ ಮೊಸಳೆ ಬಿಸಿಲು ಕಾಯಿಸಿಕೊಳ್ಳುವದು, ನೆರಳಿನಲ್ಲಿ ಮೀನು ಮರಿಮಾಡುವದು. ಮಳೆಗಾಲದ ಕತ್ತಲೆಯಲ್ಲಿ ಘಟ್ಟದ ಕೊಳೆತ ಕೊರಡುಗಳ ಮೇಲೆ ಹಸಿರುಬೆಳಕು ಬೀರುವ ಅಣಬೆಗಳನ್ನು ಕಂಡ ಹಳ್ಳಿಗರು ದೆವ್ವವೆಂದು ಹೆದರಿದ್ದುಂಟು. ಸತ್ತುದೆಂದು ನಾವು ಹೇಳುವ ಮರದಲ್ಲಿ, ಅದು ಬದುಕಿದ್ದಾಗ ಇದ್ದುದಕ್ಕಿಂತ ಹೆಚ್ಚು ಜೀವ ಇರುವದೆಂಬುದು ಉತ್ಪ್ರೇಕ್ಷೆಯಲ್ಲ.

ಇದು ಕವಿಗಳ ಕಲ್ಪನೆಯೆಂದು ಲೆಕ್ಕಪತ್ರ ಬಲ್ಲ ನಮ್ಮ ಅಧಿಕಾರಿ ಮಿತ್ರರು ಹೇಳಬಾರದೆಂದು ಕೆಲವು ಅಂಕಿಗಳನ್ನು ಕೊಡುತ್ತೇವೆ. ಎಲ್ಟನ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು 1966ರಲ್ಲಿಯೇ, ಸಾಯುತ್ತಿರುವ ಹಾಗೂ ಸತ್ತ ಮರಗಳನ್ನು ಕಾಡಿನಿಂದ ತೆಗೆದರೆ ಅಲ್ಲಿಯ ಪ್ರಾಣಿಜಾತಿಗಳಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ನಷ್ಟವಾಗಬಹುದೆಂದು ಎಚ್ಚರಿಸಿದರು. ಮರಗಳ ವ್ಯಾಪಾರದಿಂದಲೇ ಬಾಳುವ ಫಿನ್ಲೆಂಡ್ ದೇಶದಲ್ಲಿ ಅನಂತರ ಎಣಿಸಿ ನೋಡಲಾಗಿ 4,000ದಿಂದ 5,000 ಜೀವಜಾತಿಗಳು, ಅಂದರೆ ಆ ಕಾಡುಗಳ ಜಾತಿಗಳಲ್ಲಿ ನಾಲ್ಕರಿಂದ ಐದರಲ್ಲೊಂದು ಪಾಲು, ಒಣಮರವನ್ನೇ ನಂಬಿಕೊಂಡಿರುವದು ಕಂಡುಬಂದಿತು. ನಮ್ಮ ಉಷ್ಣದೇಶದ ಕಾಡುಗಳಲ್ಲಿ ಇಂಥ ಎಣಿಕೆ ಇಷ್ಟು ಪೂರ್ಣವಾಗಿ ನಡೆದಿಲ್ಲ. ಜೀವಜಾತಿಗಳು ಅಲ್ಲಿಗಿಂತ ಅನೇಕಪಾಲು ಹೆಚ್ಚಾಗಿರುವ ನಮ್ಮಲ್ಲಿ ಪಾಲು ಕಡಿಮೆಯಿರಲೆಂದರೂ ಸಂಖ್ಯೆ ಕಡಿಮೆಯಿರಲಾರದು.

ಇನ್ನೊಂದು ಲೆಕ್ಕವು ನಮ್ಮ ದೇಶದ್ದೇ. ಕಾಡಿನಲ್ಲಿ ಅಡಗಿರುವ ಇಂಗಾಲವನ್ನು ಜೀವಂತ ಮರ, ಬೇರು, ತರಗೆಲೆ, ಒಣಮರ, ಮಣ್ಣು ಎಂದು ಐದು ಭಂಡಾರಗಳಾಗಿ ಎಣಿಸುವದು ಲೋಕದ ಪದ್ಧತಿ. ಜಗತ್ತಿನ ಕಾಡುಗಳಲ್ಲೆಲ್ಲ ಸರಾಸರಿ ನೋಡಿದರೆ ಇದರಲ್ಲಿ ಒಣಮರದ ಪಾಲು ಶೇಕಡಾ 8ರಷ್ಟೆಂದು 2011ರ ಒಂದು ಪ್ರಸಿದ್ಧ ಗಣನೆ ತಿಳಿಸುವದು. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರ 2021ರ ವರದಿಯಂತೆ ನಮ್ಮ ದೇಶದಲ್ಲಿ ಆ ಪಾಲು ಶೇಕಡಾ 1ಕ್ಕೂ ಕಡಿಮೆ. ಬೆಚ್ಚಗಿನ ದೇಶದಲ್ಲಿ ಗೆದ್ದಲು, ಅಣಬೆಗಳ ಕೆಲಸ ಬೇಗ ಸಾಗುವದರಿಂದ ಕೊರಡು ಬಹುಕಾಲ ಉಳಿಯುವದಿಲ್ಲ, ನಿಜ. ಆದರೆ ಇಷ್ಟು ದೊಡ್ಡ ಅಂತರಕ್ಕೆ ಗೆದ್ದಲೊಂದನ್ನೇ ಹೊಣೆ ಮಾಡುವದು ನ್ಯಾಯವಲ್ಲ. ನಮ್ಮ ಗರಗಸ, ಕೊಡಲಿ, ಲಾರಿ, ತಲೆಹೊರೆಗಳ ಪಾಲೂ ಅದರಲ್ಲಿ ಇರುವದು. ‘ಕಾಡಿನಲ್ಲಿ ಒಣಮರ ಬೇಕಾದಷ್ಟು ಬಿದ್ದಿದೆ’ ಎಂಬ ನಮ್ಮ ಪಟ್ಟಣಿಗರ ನಂಬಿಕೆಯು ಈ ಒಂದು ಅಂಕಿಯ ಮುಂದೆ ನಿಲ್ಲಲಾರದು.

ಹಸಿರು ಮರಗಳ ಕಡಿತವು ಕಾಡುಪ್ರಾಣಿಗಳಿಗೆ ಮಾಡುವ ಕೇಡು ಇದರೊಡನೆ ಹೆಣೆದುಕೊಂಡೇ ಇರುವದು. ಆರಿಸಿ ಕಡಿಯುವ ಪದ್ಧತಿಯಲ್ಲಿ ಎಕರೆಗೆ ಒಂದೆರಡು ಮರ ಮಾತ್ರ ಹೋಗುವದೆಂದು ಕಾಗದದ ಮೇಲೆ ಬರೆದಿರುವದು. ಆದರೆ ಆರಿಸುವದು ಯಾವ ಮರವನ್ನು? ಎಲ್ಲಕ್ಕಿಂತ ದೊಡ್ಡದನ್ನು. ಇಂದಿನ ದೊಡ್ಡ ಗಟ್ಟಿಮರವೇ ನಾಳಿನ ಪೊಳ್ಳುಮರ, ನಾಡಿದ್ದಿನ ಒಣಮರ, ಆಚೆಯ ಕೊರಡು. ಅದನ್ನು ಒಯ್ದರೆ ಮುಂದಿನ ನೂರು ವರ್ಷದ ಮನೆಗಳನ್ನು ಮೊದಲೇ ಕಿತ್ತೊಯ್ದಂತೆ. ಬೀಳುವ ಮರವು ಹತ್ತು ಎಳೆಮರಗಳನ್ನು ಮುರಿದೇ ಬೀಳುವದು. ದಿಮ್ಮಿ ಎಳೆಯಲು ಲಾರಿಯ ಹಾದಿ ಬೇಕು. ಹಾದಿಯಾದೊಡನೆ ಬಿಸಿಲು ಒಳಗೆ ಹೊಕ್ಕು ನೆಲ ಒಣಗುವದು, ಲಂಟಾನ ಹಬ್ಬುವದು. ಹಿಂದಿನಿಂದ ಬೇಟೆಗಾರನೂ ಕಳ್ಳಸಾಗಣೆಯವನೂ ಅದೇ ಹಾದಿ ಹಿಡಿಯುವರು. ಕೂಪು ಮುಗಿದು ಗುತ್ತಿಗೆದಾರನು ಹೊರಟುಹೋಗುವನು, ಹಾದಿ ಹೋಗುವದಿಲ್ಲ.

ಈ ಸಂಗತಿಯನ್ನು ನಮ್ಮ ಉತ್ತರ ಕನ್ನಡದ ರೈತರು ಯಾವ ಕಾಲೇಜಿನಲ್ಲಿಯೂ ಓದದೆ ಅರಿತಿದ್ದರು. 1983ನೆಯ ಸಪ್ಟಂಬರ 8ರಂದು ಶಿರಸಿಯ ಹತ್ತಿರದ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದರು. ಅಪ್ಪಿಕೋ ಚಳವಳಿಯೆಂದು ಅದು ದೇಶದಲ್ಲೆಲ್ಲ ಹೆಸರಾಯಿತು. ಕಡಿಯಲು ಗುರುತು ಹಾಕಿದ ಮರಕ್ಕಿಂತ ಅದರೊಡನೆ ನೆಲಕಚ್ಚುವ ಮರಗಳೇ ಹೆಚ್ಚೆಂಬುದು ಅವರ ಮುಖ್ಯ ದೂರಾಗಿತ್ತು. ಅನಂತರ ಘಟ್ಟದ ನಿತ್ಯಹಸಿರು ಕಾಡುಗಳಲ್ಲಿ ಹಸಿಮರ ಕಡಿಯುವದರಿಂದ ಸರಕಾರದವರು ಹಿಂದೆಗೆದರು. ಆದರೆ ಹಸಿರು ನಿಂತಲ್ಲಿ ಒಣಗಿದ್ದನ್ನೂ ಬಿದ್ದದ್ದನ್ನೂ ತೆಗೆಯುವ ರೂಢಿ ಉಳಿಯಿತು. ಇಲ್ಲಿಯೇ ಒಂದು ಗುಟ್ಟಿದೆ. ಒಣಮರಕ್ಕೆ ಬೆಲೆ ಕಟ್ಟಿದಲ್ಲಿ ಹಸಿಮರ ಒಣಗುವದಕ್ಕೆ ತಡವಿಲ್ಲ. ಬುಡದ ಸುತ್ತ ತೊಗಟೆಯನ್ನು ಕೆತ್ತಿದರೆ, ಬೇರಿಗೆ ಬೆಂಕಿಯಿಟ್ಟರೆ, ಎಂಥ ಮರವಾದರೂ ಎರಡು ವರ್ಷಗಳಲ್ಲಿ ‘ತಾನಾಗಿ ಒಣಗಿದ ಮರ’ವಾಗುವದು. ಒಣಗಿದ ಮರದ ಕಡಿತವನ್ನು ಒಪ್ಪುವ ನಿಯಮವು ಹಸಿಮರದ ಕಡಿತಕ್ಕೆ ಹಿಂಬಾಗಿಲಾಗುವದು ಹೀಗೆ.

ಪರದೇಶಗಳ ಅನುಭವವನ್ನೂ ನೋಡೋಣ. ಪೋಲೆಂಡ್ ಹಾಗೂ ಬೆಲಾರೂಸ್ ದೇಶಗಳ ಗಡಿಯಲ್ಲಿ ಬಿಯಾವೊವೆಝಾ ಎಂಬ ಪುರಾತನ ಕಾಡೊಂದಿದೆ. ಕಾಡಿನಲ್ಲಿ ನಾಶವಾಗಿದ್ದ ಐರೋಪ್ಯ ಕಾಡುಕೋಣವನ್ನು ಮರಳಿ ತಂದು ಬೆಳೆಸಿದ್ದು ಅಲ್ಲಿ. ಅದರ ಕಟ್ಟುನಿಟ್ಟಾಗಿ ಕಾಯ್ದ ಭಾಗದಲ್ಲಿ ಹೆಕ್ಟೇರಿಗೆ ನೂರು ಘನಮೀಟರಿಗೂ ಹೆಚ್ಚು ಒಣಮರ ಇರುವದು. ತೊಗಟೆಯ ದುಂಬಿಯೊಂದು ಸ್ಪ್ರೂಸ್ ಮರಗಳನ್ನು ಕೊಲ್ಲುತ್ತಿದೆ, ಸತ್ತ ಮರಗಳನ್ನು ತೆಗೆದು ಕಾಡನ್ನು ಉಳಿಸಬೇಕೆಂಬ ಕಾರಣ ಹೇಳಿ ಅಲ್ಲಿಯ ಸರಕಾರವು 2016ರಲ್ಲಿ ಕಡಿತದ ಮೇರೆಯನ್ನು ಸುಮಾರು ಮೂರು ಪಟ್ಟು ಏರಿಸಿತು. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2017ರಲ್ಲಿ ಕಡಿತವನ್ನು ನಿಲ್ಲಿಸಲು ಆಜ್ಞಾಪಿಸಿ, ಮೀರಿದರೆ ದಿನಕ್ಕೆ ಕನಿಷ್ಠ ಒಂದು ಲಕ್ಷ ಯೂರೊ ದಂಡ ಬೀಳುವದೆಂದು ಎಚ್ಚರಿಕೆ ಕೊಟ್ಟಿತು. 2018ನೆಯ ಏಪ್ರಿಲ್ 17ರ ತೀರ್ಪಿನಲ್ಲಿ ಆ ಕಡಿತವು ಕಾಯಿದೆಗೆ ವಿರುದ್ಧವೆಂದು ಸಾರಿತು. ಒಣಮರವನ್ನೇ ನಂಬಿದ ದುಂಬಿಗಳೂ ಮರಕುಟಿಗಗಳೂ ಆ ತೀರ್ಪಿನಲ್ಲಿ ಪಕ್ಷಗಾರರಂತೆ ಕಾಣಿಸಿಕೊಂಡವು. ಸತ್ತ ಮರದ ಹುಳುವಿಗಾಗಿ ಒಂದು ದೇಶದ ಸರಕಾರವು ನ್ಯಾಯಾಲಯದಲ್ಲಿ ಸೋತಿತೆಂಬುದು ಹಿಂದಿನ ಕಾಲದವರಿಗೆ ನಗೆಪಾಟಲಾಗಿ ತೋರುತ್ತಿತ್ತು.

ಜರ್ಮನಿಯ ಬವೇರಿಯ ಅರಣ್ಯದ ರಾಷ್ಟ್ರೀಯ ಉದ್ಯಾನದ ಸಂಗತಿ ಇದಕ್ಕೂ ಬೋಧಪ್ರದವಾದದ್ದು. 1983ರ ಬಿರುಗಾಳಿಯಲ್ಲಿ ಉರುಳಿದ ಮರಗಳನ್ನು ಅದರ ಒಳಭಾಗದಲ್ಲಿ ಮುಟ್ಟದೆ ಬಿಡಬೇಕೆಂದು ಅಲ್ಲಿಯ ಮಂತ್ರಿಗಳು ನಿಶ್ಚಯಿಸಿದರು. ಅನಂತರ ತೊಗಟೆದುಂಬಿ ಹೆಚ್ಚಿ, ಸಾವಿರಾರು ಹೆಕ್ಟೇರುಗಳಲ್ಲಿ ಸ್ಪ್ರೂಸ್ ಮರಗಳು ಬೂದುಬಣ್ಣದ ಅಸ್ಥಿಪಂಜರಗಳಂತೆ ನಿಂತವು. ಸುತ್ತಲಿನ ಊರಿನವರು ಅಧಿಕಾರಿಗಳನ್ನು ಶಪಿಸಿದರು. ಆದರೆ ಆ ಅಸ್ಥಿಪಂಜರಗಳ ನಡುವಿನಿಂದ ಯಾರೂ ನೆಡದೆ ಹೊಸ ಕಾಡು ಎದ್ದಿತು. ಅಪರೂಪವಾಗಿದ್ದ ಅಣಬೆಗಳೂ ದುಂಬಿಗಳೂ ಮರಳಿ ಕಾಣಿಸಿಕೊಂಡವು. ಯೂರೋಪಿನವರು ತಮ್ಮ ಕಾಡುಗಳನ್ನು ಗುಡಿಸಿ ಒರೆಸಿ, ಅದರ ಫಲವನ್ನು ಉಂಡು, ಈಗ ಒಣಮರವನ್ನು ಬೇಕೆಂದೇ ಉಳಿಸುವದನ್ನು ಕಲಿಯುತ್ತಿರುವರು. ಅವರಿಂದ ಗುಡಿಸುವದನ್ನು ಕಲಿತ ನಾವು ಅವರು ಕಲಿತ ಎರಡನೆಯ ಪಾಠವನ್ನೂ ಕಲಿಯುವದು ಲೇಸಲ್ಲವೇ?

ನಮ್ಮ ದೇಶದ ಕಾಯಿದೆ ಈ ವಿಷಯದಲ್ಲಿ ಹಿಂದೆಬಿದ್ದಿಲ್ಲವೆಂಬುದು ಸಂತೋಷದ ಸಂಗತಿ. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2000ನೆಯ ಫೆಬ್ರುವರಿ 14ರಂದು ಮಧ್ಯಂತರ ಆಜ್ಞೆಯನ್ನು ಕೊಟ್ಟು, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ರೋಗಹಿಡಿದ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನೂ ತೇಲಿಬಂದ ಕಟ್ಟಿಗೆಯನ್ನೂ ಹುಲ್ಲನ್ನೂ ತೆಗೆಯಲು ಆಜ್ಞಾಪಿಸಕೂಡದೆಂದು ರಾಜ್ಯಗಳನ್ನು ತಡೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 29ನೆಯ ಕಲಮೂ, ಮುಂದಾದ ತಿದ್ದುಪಡಿಯ ಮೂಲಕ, ವನ್ಯಜೀವಿಗಳ ಹಿತಕ್ಕಾಗಿ ಅವಶ್ಯವಾದ ಹೊರತು ಅಭಯಾರಣ್ಯದ ಉತ್ಪನ್ನವನ್ನು ತೆಗೆಯಕೂಡದೆಂದೂ, ತೆಗೆದದ್ದನ್ನು ಸುತ್ತಲಿನ ಜನರ ನಿಜವಾದ ಸ್ವಂತ ಅಗತ್ಯಗಳಿಗೆ ಬಳಸಬಹುದೇ ಹೊರತು ವ್ಯಾಪಾರಕ್ಕೆ ಬಳಸಕೂಡದೆಂದೂ ವಿಧಿಸಿರುವದು. ಆದರೆ ಈ ರಕ್ಷಣೆಯು ಅಭಯಾರಣ್ಯದ ಗಡಿಕಲ್ಲಿನವರೆಗೆ ಮಾತ್ರ. ಕಲ್ಲಿನ ಆಚೆಯ ಕಾದಿಟ್ಟ ಅರಣ್ಯದಲ್ಲಿ ಅದೇ ಮಂಗಟ್ಟೆ, ಅದೇ ಹಾರುಬೆಕ್ಕು, ಅದೇ ಪೊಳ್ಳುಮರ. ರಕ್ಷಣೆ ಮಾತ್ರ ಇಲ್ಲ. ಹಕ್ಕಿಗೆ ಗಡಿಕಲ್ಲನ್ನು ಓದಲು ಬಾರದು. ನಮ್ಮ ಇಂದಿನ ಪ್ರಶ್ನೆಯ ತಿರುಳು ಇಲ್ಲಿರುವದು.

ಇನ್ನು ಎದುರುಪಕ್ಷದ ವಾದಗಳನ್ನು ಅಲಕ್ಷ್ಯ ಮಾಡದೆ ವಿಚಾರಿಸೋಣ. ಒಣಮರವು ಕಾಡ್ಗಿಚ್ಚಿಗೆ ಕಾರಣವೆಂಬುದು ಮೊದಲನೆಯದು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಎದ್ದ ಬೆಂಕಿಯನ್ನು ಯಾರೂ ಮರೆತಿಲ್ಲ. ಆದರೆ ನಮ್ಮ ಕಾಡುಗಳಲ್ಲಿ ಬೆಂಕಿ ಓಡುವದು ನೆಲದ ಮೇಲಿನ ಒಣಹುಲ್ಲು, ತರಗೆಲೆ, ಲಂಟಾನ, ಹೂಬಿಟ್ಟು ಸತ್ತ ಬಿದಿರುಗಳ ಮೇಲೆ. ಇಬ್ಬರು ತಬ್ಬುವ ದಿಮ್ಮಿಯ ಮೇಲೆ ಅಲ್ಲ. ಹಚ್ಚಿದವರು ಮನುಷ್ಯರು, ಅದನ್ನು ದಿಮ್ಮಿಯ ತಲೆಗೆ ಕಟ್ಟುವದು ಸರಿಯಲ್ಲ. ಬೆಂಕಿರೇಖೆಯ ಅಂಚಿನಲ್ಲಿ ನಿಂತ ಒಣಮರವು ಹೊತ್ತಿಕೊಂಡರೆ ಕಿಡಿಗಳು ರೇಖೆಯನ್ನು ದಾಟುವವೆಂಬುದನ್ನು ಮಾತ್ರ ನಾವು ಒಪ್ಪುವೆವು. ಅಂಥ ಮರಗಳನ್ನೂ, ರಸ್ತೆಯ ಮೇಲೆ ಬೀಳುವಂತಿರುವ ಮರಗಳನ್ನೂ ಕೆಡವಬೇಕಾದದ್ದೇ. ಕೆಡವಿ ಒಳಗೆ ಸರಿಸಿ ಬಿಟ್ಟರೆ ಸಾಕು, ಡಿಪೋಕ್ಕೆ ಒಯ್ಯಬೇಕೆಂದಿಲ್ಲ.

ಹುಳುಬಾಧೆ ಎರಡನೆಯ ವಾದ. 1990ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದ ಸಾಲವೃಕ್ಷಗಳ ಕಾಡುಗಳಲ್ಲಿ ಕೊರೆಹುಳುವಿನ ಹಾವಳಿಯೆದ್ದು ಅಸಂಖ್ಯ ಮರಗಳು ನಾಶವಾದದ್ದು ನಿಜ. ಆದರೆ ಆ ದುಂಬಿ ಮುತ್ತುವದು ಆಗತಾನೆ ಕಡಿದ, ಗಾಯವಾದ, ರಸ ಸೋರುವ ಮರಕ್ಕೆ. ವರ್ಷಗಳ ಹಿಂದೆ ಒಣಗಿದ ಕೊರಡಿನಲ್ಲಿ ವಾಸಿಸುವ ಹುಳುಗಳು ಹಸಿಮರಕ್ಕೆ ಶತ್ರುಗಳಲ್ಲ. ಹಲವು ಕೊರೆಹುಳುಗಳನ್ನು ತಿಂದುಹಾಕುವ ಜೀವಿಗಳೂ ಅದೇ ಕೊರಡಿನ ನಿವಾಸಿಗಳು. ಕಳ್ಳನನ್ನು ಹಿಡಿಯಲು ಪೋಲೀಸರ ವಸತಿಯನ್ನು ಸುಡುವದು ಜಾಣತನವಲ್ಲ.

ಮೂರನೆಯ ವಾದ ಬಡವರ ಕಟ್ಟಿಗೆಯದು. ನಮ್ಮನ್ನು ನಿಜವಾಗಿ ಕಾಡುವ ವಾದವಿದು. ಬೆಟ್ಟದ ಅಂಚಿನ ಕುಣಬಿ, ಸಿದ್ದಿ, ಹಾಲಕ್ಕಿ ಮನೆಗಳ ಹೆಣ್ಣುಮಗಳು ಒಲೆಗೆಂದು ತರುವ ಒಂದು ಹೊರೆ ಪುಳ್ಳೆಯನ್ನು ಮಂಗಟ್ಟೆಯ ಹೆಸರು ಹೇಳಿ ಕಸಿದುಕೊಳ್ಳುವ ಸಂರಕ್ಷಣೆಗೆ ನಾವು ಕೈಯೆತ್ತುವದಿಲ್ಲ. 1930ರ ಜಂಗಲ್ ಸತ್ಯಾಗ್ರಹದ ಕಾಲದಲ್ಲಿ ಜನರು ತಲೆಯೊಡ್ಡಿದ್ದು ಇಂಥ ಹಕ್ಕುಗಳಿಗಾಗಿಯೇ. 2006ರ ಅರಣ್ಯ ಹಕ್ಕುಗಳ ಕಾಯಿದೆಯೂ ಕಿರು ಉತ್ಪನ್ನಗಳಲ್ಲಿ ಕುರುಚಲು ಕಟ್ಟಿಗೆ, ಬೊಡ್ಡೆಗಳನ್ನು ಎಣಿಸಿರುವದು. ಆದರೆ ಪುಳ್ಳೆಗೂ ದಿಮ್ಮಿಗೂ ಇರುವ ಅಂತರವು ಚಿಕ್ಕದಲ್ಲ. ಬೆರಳುಗಾತ್ರದ, ಮುಂಗೈಗಾತ್ರದ ಕಟ್ಟಿಗೆ ಅವಳ ಒಲೆಗೆ. ಪೊಟರೆಯಾಗುವದು, ಕರಡಿ ಸೀಳುವದು, ನೆಲವನ್ನು ತಂಪಾಗಿಡುವದು ತೊಲೆಗಾತ್ರದ ಮರ. ಅವಳು ತಲೆಯ ಮೇಲೆ ಹೊತ್ತೊಯ್ಯುವದು ಒಂದು; ಹರಾಜು ಹಿಡಿದವನು ಲಾರಿಯಲ್ಲಿ ಒಯ್ಯುವದು ಇನ್ನೊಂದು. ಲಾರಿಯವನು ತನ್ನ ಲಾಭಕ್ಕೆ ಅವಳ ಬಡತನವನ್ನು ಸಾಕ್ಷಿಗೆ ಕರೆಯುವದನ್ನು ನಾವು ಒಪ್ಪಲಾರೆವು.

ಕಡೆಯದು ಬೊಕ್ಕಸದ ವಾದ. ಹುಳುಹಿಡಿದ ಪೊಳ್ಳುಮರ ಹರಾಜಿನಲ್ಲಿ ತರುವದು ಸೌದೆಯ ಬೆಲೆ. ಅದೇ ಪೊಟರೆಯಲ್ಲಿ ಮರಿಮಾಡಿದ ಮಂಗಟ್ಟೆಯನ್ನು ನೋಡಲು ದಾಂಡೇಲಿಗೆ ದೂರದೂರದಿಂದ ಜನರು ಬರುತ್ತಿರುವರು. ಅವರು ಅಲ್ಲಿಯ ಊಟದಮನೆ, ವಸತಿ, ಬಾಡಿಗೆಗಾಡಿಯವರಿಗೆ ಕೊಟ್ಟುಹೋಗುವದೂ ಹಣವೇ. ಬೊಕ್ಕಸದ ಲೆಕ್ಕವನ್ನೇ ಹಿಡಿದರೂ ಮರವು ನಿಂತಲ್ಲಿ ನಿಲ್ಲುವದೇ ಲಾಭ.

ಹೀಗಿರಲಾಗಿ ಸರಕಾರದವರಿಗೂ ಅರಣ್ಯಾಧಿಕಾರಿಗಳಿಗೂ ನಾವು ಸ್ಪಷ್ಟವಾಗಿ ಸೂಚಿಸುವದೇನೆಂದರೆ: ಘಟ್ಟದ ಕಾದಿಟ್ಟ ಅರಣ್ಯಗಳಲ್ಲಿಯೂ ಪೊಟರೆಯುಳ್ಳ ಮರವನ್ನು, ಅದು ಹಸಿಯಿರಲಿ ಒಣಗಿರಲಿ, ಗುರುತುಹಾಕಿ ಪಟ್ಟಿಮಾಡಿ ಕಡಿತದಿಂದ ಹೊರಗಿಡಬೇಕು. ಪ್ರತಿ ವಿಭಾಗದ ಕಾರ್ಯಯೋಜನೆಯಲ್ಲಿಯೂ ಹೆಕ್ಟೇರಿಗೆ ಇಷ್ಟು ನಿಂತ ಒಣಮರ, ಇಷ್ಟು ಬಿದ್ದ ದಿಮ್ಮಿ ಉಳಿಯಲೇಬೇಕೆಂಬ ಮೇರೆಯನ್ನು, ಆಯಾ ಕಾಡಿನ ಜಾತಿಯನ್ನು ಬಲ್ಲ ಶಾಸ್ತ್ರಜ್ಞರ ಸಲಹೆಯಂತೆ, ಬರೆದಿಡಬೇಕು. ನಾಟಾವನ್ನು ಎಣಿಸುವಂತೆ ಒಣಮರವನ್ನೂ ಎಣಿಸಬೇಕು. ಬುಡ ಕೆತ್ತಿ ಕೊಂದ ಮರಗಳ ಹರಾಜು ನಿಲ್ಲಬೇಕು. ಕೊಂದವನಿಗೆ ಲಾಭವಿಲ್ಲವೆಂದಾದರೆ ಕೊಲೆಯೂ ನಿಲ್ಲುವದು. ತೇಗ, ಅಕೇಸಿಯ, ನೀಲಗಿರಿಗಳನ್ನು ಸಾಲುಹಿಡಿದು ನೆಟ್ಟ ತೋಪುಗಳಲ್ಲಿ ಮುಪ್ಪಾಗುವ ಮೊದಲೇ ಕಡಿತವಾಗುವದರಿಂದ ಪೊಟರೆ ಹುಟ್ಟುವ ಅವಕಾಶವೇ ಇಲ್ಲ. ಅವುಗಳ ನಡುವೆ ಉಳಿದಿರುವ ಹಳೆಯ ಕಾಡುಮರಗಳನ್ನಾದರೂ ಮುಟ್ಟದೆ ಬಿಡಬೇಕು. ಕಾಡಂಚಿನ ಮನೆಗಳಿಗೆ ಗ್ಯಾಸಿನ ಸಿಲಿಂಡರು ಕೊಡುವದಷ್ಟೇ ಅಲ್ಲ, ಅದನ್ನು ಮರಳಿ ತುಂಬಿಸಿಕೊಳ್ಳುವ ಶಕ್ತಿಯೂ ಅವರಿಗೆ ಬರುವಂತೆ ಮಾಡಬೇಕು. ತಲೆಹೊರೆಯ ಪುಳ್ಳೆಯನ್ನು ಗಾರ್ಡುಗಳು ತಡೆಯಕೂಡದು.

ಪಟ್ಟಣವಾಸಿಗಳಾದ ನಮಗೂ ಇದರಲ್ಲಿ ಪಾಲಿದೆ. ಉದ್ಯಾನದಂತೆ ಗುಡಿಸಿದ ಕಾಡನ್ನು ಕಂಡು ‘ಎಷ್ಟು ಚೊಕ್ಕಟ!’ ಎಂದು ಮೆಚ್ಚುವವರೂ, ಬಿದ್ದ ಮರಗಳನ್ನು ಕಂಡು ಆಡಳಿತದ ಸೋಮಾರಿತನವೆಂದು ಪತ್ರಿಕೆಗೆ ಬರೆಯುವವರೂ ನಾವೇ. ಆ ಪತ್ರಗಳನ್ನು ಅಚ್ಚುಮಾಡುವವರೂ ನಾವೇ, ಅದೂ ಮರದಿಂದಾದ ಕಾಗದದ ಮೇಲೆ. ನಮ್ಮ ಹಿರಿಯರಿಗೆ ಈ ವಿವೇಕ ಹೆಚ್ಚಾಗಿತ್ತು. ಕೊಡಗಿನ ದೇವರಕಾಡು, ಸೊರಬ ಶಿರಸಿಗಳ ಕಾನು, ಕರಾವಳಿಯ ನಾಗಬನಗಳಲ್ಲಿ ಅನೇಕ ಕಡೆ ಬಿದ್ದ ಕೊರಡನ್ನು ಸಹ ಮನೆಗೆ ಒಯ್ಯಬಾರದೆಂಬ ಕಟ್ಟಳೆಯಿತ್ತು. ಒಯ್ದವನಿಗೆ ದೈವದ ದೋಷ ತಟ್ಟುವದೆಂದು ಹೆದರಿಸುತ್ತಿದ್ದರು. ಪಾಠಶಾಲೆಯಲ್ಲಿ ಎರಡಕ್ಷರ ಕಲಿತ ನಾವು ಅದನ್ನು ಮೂಢನಂಬಿಕೆಯೆಂದು ನಕ್ಕೆವು. ಸಸ್ಯಶಾಸ್ತ್ರವೂ ಪ್ರಾಣಿಶಾಸ್ತ್ರವೂ ಈಗ ಅದೇ ಕಟ್ಟಳೆಯನ್ನು ಬೇರೆ ಭಾಷೆಯಲ್ಲಿ ಹೇಳುತ್ತಿರುವವು.

ಮುಂದಿನ ಮಳೆಗಾಲದಲ್ಲಿಯೂ ಘಟ್ಟದ ಮೇಲೆ ಗಾಳಿ ಬೀಸುವದು, ಮರಗಳು ಉರುಳುವವು, ‘ಕೊಳೆಯುತ್ತಿದೆ’ ಎಂಬ ಕೂಗು ಮತ್ತೆ ಏಳುವದು. ಆಗ ಅಧಿಕಾರಿಗಳು ಕೂಗಿಗೆ ಬೆದರಿ ಲಾರಿಗಳಿಗೆ ಹಾದಿ ಬಿಡಬಾರದು. ಮಹಾಜನರು ಕೂಗುವ ಮುನ್ನ ಒಮ್ಮೆ ಯೋಚಿಸಬೇಕು. ಈ ಪತ್ರಿಕೆಯಂತೂ ಆ ಕೂಗಿಗೆ ಇನ್ನು ದನಿಗೂಡಿಸದು. ಕಾಡಿನಲ್ಲಿ ಬಿದ್ದ ಮರಕ್ಕೆ ವಾರಸುದಾರರಿಲ್ಲವೆಂದು ತಿಳಿಯುವದು ತಪ್ಪು. ವಾರಸುದಾರರು ಬಹುಮಂದಿ ಇರುವರು. ಅವರಿಗೆ ಅರ್ಜಿ ಬರೆಯಲು ಬಾರದು, ಅಷ್ಟೇ. ಅವರ ಪರವಾಗಿ ಈ ಅರ್ಜಿಯನ್ನು ನಾವು ಬರೆದಿರುವೆವು.